ಕರಪತ್ರದಿಂದ ಓಡಿಹೋದ ಇಲಿ

ಮಾನ್ಯ ಆರೋಗ್ಯ ಪ್ರಚಾರಾಧಿಕಾರಿಗಳೇ,

ನಿಮ್ಮ ಕರಪತ್ರದಿಂದ ಇಲಿ ಕಾಣೆಯಾಗಿದೆ. ಹುಡುಕಿಕೊಡಿ ಎಂದು ಕೇಳುವ ಮುಖ ನನಗಿಲ್ಲ, ಏಕೆಂದರೆ ನಿಮ್ಮ ಮಾತು ಕೇಳಿ ಅದನ್ನು ಓಡಿಸಿದವನು ನಾನೇ. ನಿಮ್ಮ ಕರಪತ್ರಗಳನ್ನು ಅಚ್ಚು ಹಾಕುವ ಮುದ್ರಣಾಲಯದಲ್ಲಿ ನಾನು ಕರಡು ತಿದ್ದುತ್ತೇನೆ.

ಕರಡಿನಲ್ಲಿ ಹೀಗಿತ್ತು: ‘ಈ ಎಲೆಯ ರಸ ರಕ್ತದೊತ್ತಡವನ್ನು ಇಳಿಸುತ್ತದೆಂದು ಇಲಿಗಳ ಮೇಲೆ ನಡೆದ ಸಂಶೋಧನೆಯಿಂದ ದ್ರುಢಪಟ್ಟಿದೆ.’ ಅಷ್ಟರಲ್ಲಿ ನಿಮ್ಮ ಕಚೇರಿಯಿಂದ ಫೋನ್ ಬಂತು. “ಇಲಿ ಅಂತ ಓದಿದ್ರೆ ಜನ ಮುಖ ಸಿಂಡರಿಸ್ತಾರೆ ಕಣ್ರೀ, ಅದನ್ನ ತೆಗೆದುಬಿಡಿ.” ತೆಗೆದೆ. ‘ದ್ರುಢ’ವನ್ನು ‘ದೃಢ’ ಮಾಡಿ, ಘನಕಾರ್ಯ ಮುಗಿಸಿದವನಂತೆ ಟೀ ಕುಡಿಯಲು ಹೋದೆ.

ಒಂದು ಪ್ರತಿಯನ್ನು ಮನೆಗೂ ಒಯ್ದೆ. ಬಿಪಿ ಇರುವ ನನ್ನ ಅಕ್ಕ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಮಾತ್ರೆ ಬಿಟ್ಟು ರಸ ಕುಡಿಯತೊಡಗಿದಳು. ಕೆಲವೇ ವಾರಗಳಲ್ಲಿ ಲಕ್ವ ಹೊಡೆಯಿತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕರಪತ್ರ ಓದಿ, “ಸಂಶೋಧನೆ ಸರಿ, ಯಾರ ಮೇಲೆ ಮಾಡಿದ್ದು?” ಎಂದು ಕೇಳಿದರು. ಉತ್ತರ ನನಗೆ ಗೊತ್ತಿತ್ತು.

ಆಮೇಲೆ ಮೂಲ ಬರಹವನ್ನು ಹುಡುಕಿ ಓದಿದೆ. ಬೆರಳೆಣಿಕೆಯ ಇಲಿಗಳು, ಒಂದೇ ಪ್ರಯೋಗಾಲಯ, ಬೇರೆ ತಜ್ಞರು ಪರಿಶೀಲಿಸುವ ಮುನ್ನವೇ ಹೊರಬಿದ್ದ ಲೇಖನ. ಮನುಷ್ಯರ ಬಗ್ಗೆ ಈಗಲೇ ಏನೂ ಹೇಳಲಾಗದು ಎಂದು ಬರೆದವರೇ ಕೊನೆಯಲ್ಲಿ ಒಪ್ಪಿಕೊಂಡಿದ್ದಾರೆ. ಅವರಿಗಿದ್ದ ಸಂಕೋಚ ನಮಗಿರಲಿಲ್ಲ. ರೋಗಿಗಳ ಮೇಲೆ ನಡೆದ ಹಲವು ಪ್ರಯೋಗಗಳನ್ನು ಒಟ್ಟಿಗಿಟ್ಟು ತೂಗಿದ ವಿಮರ್ಶೆಯೂ ಇದೆ. ರಸ ಕೆಲಸ ಮಾಡುತ್ತದೆ ಎನ್ನಲು ಆಧಾರ ಸಾಲದು ಎನ್ನುತ್ತದೆ ಅದು. ಮಾನ್ಯರೇ, ಮೊದಲ ಊಹೆಗೂ, ತೂಗಿನೋಡಿದ ತೀರ್ಮಾನಕ್ಕೂ, ಎಲೆ ಮಾರುವವರ ಜಾಹೀರಾತಿಗೂ ನಿಮ್ಮಲ್ಲಿ ‘ಸಂಶೋಧನೆ’ ಎಂಬ ಒಂದೇ ಅಂಗಿಯೇ? ಅಳತೆ ತೆಗೆಯುವವರು ಯಾರೂ ಇಲ್ಲವೇ? ಇಲಿಗೆ ಮುಖ ಸಿಂಡರಿಸುವ ಜನ ಸುಳ್ಳಿಗೆ ಸಿಂಡರಿಸುವುದಿಲ್ಲ ಎಂದು ನಿಮಗೆ ಹೇಳಿದವರು ಯಾರು?

ನಿಮ್ಮನ್ನು ಬೈದರೆ ನನ್ನ ನಾಚಿಕೆ ಕಡಿಮೆಯಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಅಕ್ಕನ ಮಾತು ಈಗ ತೊದಲುತ್ತದೆ. ನಡೆದದ್ದನ್ನೆಲ್ಲ ಹೇಳಿ ಅವಳ ಮುಂದೆ ಅತ್ತಾಗ ಬಹಳ ಹೊತ್ತು ತಡವರಿಸಿ ಅಂದಳು: “ನೀನು ತಿದ್ದಿದ್ದಲ್ವೇನೋ... ಸರಿಯಾಗೇ ಇರುತ್ತೆ ಅಂತ ಕುಡಿದೆ.”

ಆ ಕರಪತ್ರವನ್ನು ಹಿಂದಕ್ಕೆ ಪಡೆಯಿರಿ. ಹೊಸದರಲ್ಲಿ ಸಂಶೋಧನೆ ಯಾರ ಮೇಲೆ ನಡೆಯಿತು, ಎಷ್ಟು ಮಂದಿಯ ಮೇಲೆ, ಅದನ್ನು ಯಾರು ಪರಿಶೀಲಿಸಿದರು ಎಂಬುದನ್ನು ದಪ್ಪ ಅಕ್ಷರಗಳಲ್ಲಿ ಹಾಕಿ. ಇನ್ನೊಮ್ಮೆ ಇಲಿ ತೆಗೆಯಿರಿ ಎಂದು ಫೋನ್ ಮಾಡಿದರೆ ನಾನು ತೆಗೆಯುವುದಿಲ್ಲ.

ಇಂತಿ,
‘ತಮ್ಮ ವಿಶ್ವಾಸಿ’ ಎಂದು ಬರೆಯಲು ಕೈಬಾರದ,
ಅಕ್ಕನ ತಮ್ಮ