ಇಟ್ಟಿಗೆಯಲ್ಲಿ ಬೆರಳ ಗುರುತು

ಪ್ರೀತಿಯ ಅತ್ತೆಗೆ,

ನೀವು ಬೇಡವೆಂದರೂ ನಾವು ಮೂವರೂ ಚಾರ್ಲ್ಸ್‌ಟನ್‌ಗೆ ಹೋಗಿಬಂದೆವು. ನೀವು ಹುಟ್ಟಿದ ಊರನ್ನು ಮಗಳು ಡೆಲ್ಫೀನ್ ನೋಡಲಿ ಎಂದು ನಾನೇ ಹಟ ಹಿಡಿದಿದ್ದೆ. ಮೊದಲ ದಿನ ಸೀಗಡಿ ತಿಂದು, ಬಂದರಿನಲ್ಲಿ ಅಡ್ಡಾಡಿ ಖುಷಿಯಾಗಿಯೇ ಇದ್ದೆವು.

ಮರುದಿನ ಹಳೆಯ ಬಂಗಲೆಯೊಂದರಲ್ಲಿ ಊರು ತೋರಿಸುವಾಕೆ ಹಿತ್ತಲ ಗೋಡೆಯ ಮುಂದೆ ನಿಂತು, "ಇಲ್ನೋಡಿ, ಹಸಿ ಇಟ್ಟಿಗೆ ತಿರುವಿ ಹಾಕ್ತಿದ್ದ ಗುಲಾಮರ ಮಕ್ಕಳ ಬೆರಳ ಗುರುತು" ಎಂದಳು. ನಾನು ತಡೆಯುವಷ್ಟರಲ್ಲಿ ಡೆಲ್ಫೀನ್ ತನ್ನ ಬೆರಳನ್ನು ಆ ಗುಳಿಯಲ್ಲಿಟ್ಟಳು. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

"ಇವಳಿಗೂ ನನ್ ಥರ ಎಂಟು ವರ್ಷಾನಾ? ಹೆಸರೇನು?"

"ಯಾರೂ ಬರೆದಿಟ್ಟಿಲ್ಲ, ಪುಟ್ಟಿ" ಎಂದಳು ಆಕೆ.

ಮನೆಗೆ ಬಂದು ಆರು ದಿನವಾಯಿತು. ಮಗಳು ಆ ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡೇ ಇರುತ್ತಾಳೆ. ಶಾಲೆಯಲ್ಲಿ ಪೆನ್ಸಿಲ್ ಹಿಡಿಯುತ್ತಿಲ್ಲವಂತೆ. "ನಾಲ್ಕು ದಿನ ಬಿಡು, ಮರೀತಾಳೆ" ಎಂಬುದು ನಿಮ್ಮ ಮಗನ ಮಾತು. ನನಗೆ ಹಾಗನ್ನಿಸುವುದಿಲ್ಲ. ನಿನ್ನೆ ತಲೆ ಬಾಚುವಾಗ ಕೇಳಿದಳು: "ಅಮ್ಮಾ, ಅವಳು ನಮ್ಮೋಳೇ ಇರ್ಬೋದಾ? ಅಜ್ಜೀನ ಕೇಳು, ಅವ್ರಿಗೆ ಗೊತ್ತಿರುತ್ತೆ."

ನಿಮ್ಮ ಹಿರಿಯರು ಗುಲಾಮರಾಗಿದ್ದ ಆ ಊರಿನ ಮಾತೆತ್ತಿದರೆ ನೀವು ಎದ್ದು ಅಡುಗೆಮನೆಗೆ ಹೋಗುತ್ತೀರಿ. ಮದುವೆಯಾಗಿ ಬಂದ ಈ ಹನ್ನೊಂದು ವರ್ಷದಿಂದ ನಾನೂ ಕೆದಕಿಲ್ಲ. ಆದರೆ ಭಾನುವಾರ ಚರ್ಚು ಮುಗಿಸಿ ಅವಳನ್ನು ನಿಮ್ಮಲ್ಲಿಗೆ ಕರೆತರುತ್ತೇನೆ. ನಿಮ್ಮ ಅಜ್ಜಿಯ ಹೆಸರು, ಅವರ ಅಮ್ಮನ ಹೆಸರು, ನೆನಪಿರುವಷ್ಟನ್ನು ಅವಳಿಗೆ ಹೇಳಿ. ನನ್ನೆದುರು ಹೇಳುವುದು ಕಷ್ಟವಾದರೆ, ನಾನು ಹೊರಗೆ ಕಾರಿನಲ್ಲೇ ಕೂತಿರುತ್ತೇನೆ, ಎಷ್ಟು ಹೊತ್ತಾದರೂ.

ನಿಮ್ಮ ಸೊಸೆ,
ವರ್ನೆಟ್ಟಾ