ಟವೆಲ್ ಅಡಿಯ ವ್ಯಾಪಾರ

12 ಜನವರಿ 2009, ಸೋಮವಾರ

ಹಾಲು ತಂದೆ. ಪೇಪರ್ ಓದಿದೆ. ಕಾಫಿ ಎರಡು ಸಲ. ಹನ್ನೊಂದಕ್ಕೆ ಫೈನಾನ್ಸಿನ ವಸೂಲಿಯವನು ಬಂದ — ಲಕ್ಷ್ಮೀನರಸಿಂಹ ಅಂತ, ಟೈ ಬೇರೆ. ನಮ್ಮ ಮನೆಯಲ್ಲೇ ಇರುವ ತಂಗಿಯ ಮಗಳು ಶಿವಾನಿ ಕೆಲಸಕ್ಕೆ ಹೋಗಿದ್ದಳು. ಅವಳ ಸ್ಕೂಟರ್ ಸಾಲಕ್ಕೆ ಲೇಟ್ ಫೀಸ್ ಆರು ಸಾವಿರ ಬಾಕಿಯಂತೆ. ಸಾಲ ಪೂರ್ತಿ ತೀರಿದೆ, ರಸೀದಿ ಇದೆ, ಯಾರು ಬಂದರೂ ಪೈಸೆ ಕೊಡಬೇಡಿ ಎಂದು ಅವಳು ಹೇಳಿದ್ದುಂಟು. ಆದರೆ ವ್ಯಾಪಾರ ಬಾಗಿಲಿಗೇ ಬಂದರೆ ಬಿಡುವುದು ಹೇಗೆ? ಇಲವಾಲದ ಕಡೆ ಮೂವತ್ತು ವರ್ಷ ದನದ ದಲ್ಲಾಳಿ ನಾನು. ದನದ ಸಂತೆಯಲ್ಲಿ ಗುಟ್ಟಾಗಿ ಬೆಲೆ ಕುದುರಿಸುವ ಹಾಗೆ ಹೆಗಲ ಟವೆಲ್ ತೆಗೆದು ಅವನ ಕೈ ಮೇಲೆ ಹಾಕಿದೆ. ಬೆರಳಿಗೆ ಸಾವಿರ ಎಂದು ಹೇಳಿಕೊಟ್ಟೆ. ಎರಡು ಬೆರಳು ಹಿಡಿದೆ. ಒಪ್ಪಿಬಿಟ್ಟ, ಎಳೆದಾಡಲೇ ಇಲ್ಲ. ಎರಡು ಸಾವಿರ ಎಣಿಸಿದೆ. ಇಂಗ್ಲಿಷ್ ಕಾಗದ ಕೊಟ್ಟ, ಶಿವಾನಿ ಪರವಾಗಿ ಸೈನ್ ಹಾಕಿದೆ. ನಾಲ್ಕು ಸಾವಿರ ಉಳಿಸಿದೆ! ಶಿವಾನಿಗೆ ಈಗಲೇ ಹೇಳುವುದಿಲ್ಲ. ನಾಲ್ಕು ಜನ ಇರುವಾಗ ಹೇಳಿದರೆ ಮಜಾ.

5 ಮಾರ್ಚ್, ಗುರುವಾರ

ಶಿವಾನಿ ಊಟ ಮಾಡಲಿಲ್ಲ. ರಾಜೀವನಗರದಲ್ಲಿ ಅವಳು ಆರು ವರ್ಷದಿಂದ ನೋಡಿಕೊಳ್ಳುತ್ತಿರುವ ಹಿಟ್ಟಿನ ಗಿರಣಿ ಮಾರಾಟಕ್ಕಿದೆ. ಮಾಲೀಕ ಗುರುಮಲ್ಲಪ್ಪ ಬಸವ ಜಯಂತಿ ತನಕ ಅವಳಿಗಾಗಿ ಕಾಯುತ್ತಾರಂತೆ, ಆಮೇಲೆ ಬೇರೆಯವರಿಗೆ. ಬ್ಯಾಂಕು ಸಾಲ ಕೊಡುವುದಿಲ್ಲ ಎಂದಿದೆ. ಸಾಲ ತೆಗೆದವರ ಜಾತಕ ಇಟ್ಟುಕೊಳ್ಳುವ ಕ್ರೆಡಿಟ್ ಬ್ಯೂರೋ ಎಂಬ ಆಫೀಸು ಇದೆಯಂತೆ. ಅಲ್ಲಿ ಅವಳ ಹೆಸರಿನ ಮುಂದೆ 'ಸೆಟಲ್ಡ್' ಎಂದಿದೆ. ಪೂರ್ತಿ ಕಟ್ಟಲಾರದೆ ರಾಜಿಯಾದವಳು ಎಂದರ್ಥ.

"ನಾನು ರಾಜಿನೇ ಆಗಿಲ್ಲ ಮಾವ. ಯಾರೋ ನನ್ ಹೆಸರಲ್ಲಿ ಮಾಡ್ಬುಟ್ಟಿದಾರೆ."

ಸಾರು ಚೆನ್ನಾಗಿದೆ ಎಂದೆ.

6 ಮಾರ್ಚ್

ಒಬ್ಬನೇ ಬ್ಯಾಂಕಿಗೆ ಹೋದೆ. ಮ್ಯಾನೇಜರ್ ಪಾರ್ವತಮ್ಮ ಒಳ್ಳೆಯವರು. ಸಾಲ ಕೇಳಿದವರು ಬ್ಯೂರೋದ ವರದಿಯ ಪ್ರತಿ ಕೇಳಬಹುದಂತೆ. ತಪ್ಪಿದ್ದರೆ ತಿದ್ದಿ ಎಂದು ಫೈನಾನ್ಸಿಗೂ ಬ್ಯೂರೋಗೂ ಬರೆಯಬಹುದು, ಮೂವತ್ತು ದಿನದೊಳಗೆ ಅವರು ಕ್ರಮ ತೆಗೆದುಕೊಳ್ಳಬೇಕು. ಇಲ್ಲವೇ ಗ್ರಾಹಕರ ಕೋರ್ಟು. ಎದೆ ಎರಡಿಂಚು ಉಬ್ಬಿತು. ಆಮೇಲೆ ಅವರೆಂದರು: "ಆದ್ರೆ ರಾಜಿ ಕಾಗದಕ್ಕೆ ಸೈನ್ ಹಾಕಿದೋರೇ ಬಂದು ಬರ್ಕೊಡ್ಬೇಕು. ಯಾರದು, ಗೊತ್ತಾ?"

ವಿಚಾರಿಸುತ್ತೇನೆ ಎಂದೆ.

8 ಮಾರ್ಚ್, ಭಾನುವಾರ

ಹೇಳಿಬಿಟ್ಟೆ. ಶಿವಾನಿ ಕೈಯಲ್ಲಿದ್ದ ಮೊರ ಕೆಳಗಿಟ್ಟು ಕೇಳಿದಳು:

"ಎಷ್ಟು ಬೆರಳು ಹಿಡಿದ್ರಿ?"

ಎರಡು ಎಂದೆ.

"ಇಲ್ಲದ ಬಾಕಿಗೆ ಎರಡು ಸಾವಿರ ಸಿಕ್ರೆ ಅವ್ನು ಯಾಕೆ ಎಳೆದಾಡ್ತಾನೆ ಮಾವ."

ನನ್ನ ಮನೆಯವಳು ಪ್ರೇಮಮ್ಮ ಒಳಗಿಂದಲೇ, "ಎತ್ತಿನ ಹಲ್ಲು ನೋಡಿದ್ದೇ ನೋಡಿದ್ದು. ಒಂದ್ಸಲ ಅವನ ಹಲ್ಲೂ ನೋಡ್ಬಾರ್ದಿತ್ತೇನ್ರೀ?"

9 ಮಾರ್ಚ್

ಬರೆದುಕೊಟ್ಟೆ. ಮೂರು ಹಾಳೆ ಹರಿದು ನಾಲ್ಕನೆಯದು. 'ಶಿವಾನಿಗೆ ತಿಳಿಸದೆ, ಇಲ್ಲದ ಬಾಕಿಗೆ ಚೌಕಾಸಿ ಮಾಡಿ ಮೋಸಹೋದವನು ನಾನು, ಚಿಕ್ಕಬಸವಯ್ಯ.' ಅಕ್ಷರ ಮಾತ್ರ ಮುತ್ತು. ಏಳನೇ ಕ್ಲಾಸಿನಲ್ಲಿ ನನ್ನದೇ ಫಸ್ಟ್. 'ಮೋಸಹೋದ' ತೆಗೆದು 'ಉದಾರ ಮನಸ್ಸಿನ' ಹಾಕೋಣವೇ ಎಂದೆ. ಶಿವಾನಿ ಪೆನ್ನು ಕಿತ್ತುಕೊಂಡಳು. ರಸೀದಿಗಳ ಜೆರಾಕ್ಸ್ ಸೇರಿಸಿ ಎರಡು ಕಡೆಗೂ ರಿಜಿಸ್ಟರ್ ಪೋಸ್ಟ್.

9 ಏಪ್ರಿಲ್

ಮೂವತ್ತೊಂದನೇ ದಿನ. ಉತ್ತರ ಇಲ್ಲ. ಗ್ರಾಹಕರ ಕೋರ್ಟಿಗೆಂದು ದೂರು ಬರೆದುಕೊಂಡು ನೇರ ಫೈನಾನ್ಸ್ ಆಫೀಸಿಗೆ ಹೋದೆ. ಹನ್ನೆರಡು ಜನ ಕೂತಿದ್ದರು. ಅವರ ಮುಂದೆಯೇ ಗಟ್ಟಿಯಾಗಿ ಓದಿದೆ — ಟವೆಲು, ಬೆರಳು, ಎಲ್ಲ. ನಕ್ಕರು. ಆಮೇಲೆ ಒಬ್ಬೊಬ್ಬರೇ ತಮ್ಮ ತಮ್ಮ ಕಾಗದ ಬಿಚ್ಚಿ ನೋಡತೊಡಗಿದರು. ಲಕ್ಷ್ಮೀನರಸಿಂಹ ಒಳಗೆ ಸೇರಿಕೊಂಡ. ಅವರ ದೊಡ್ಡ ಸಾಹೇಬರು ಕುರ್ಚಿ ಕೊಟ್ಟರು, ಟೀ ಕೊಟ್ಟರು, ವಾರದಲ್ಲಿ ಸರಿಮಾಡುತ್ತೇವೆ ಎಂದು ಸೀಲು ಹಾಕಿ ಬರೆದೂ ಕೊಟ್ಟರು. ಮೋಸಹೋದದ್ದನ್ನು ಇಷ್ಟು ಗತ್ತಿನಿಂದ ಓದುವವನು ಮೈಸೂರಲ್ಲಿ ಇನ್ನೊಬ್ಬನಿಲ್ಲ.

27 ಏಪ್ರಿಲ್, ಬೆಳಿಗ್ಗೆ 7

ಬಸವ ಜಯಂತಿ. ವರದಿಯಲ್ಲಿ ಈಗ 'ಪೂರ್ತಿ ತೀರಿದೆ' ಎಂದಿದೆ. ಶನಿವಾರ ಸಾಲ ಮಂಜೂರಾಯಿತು. ಇವತ್ತು ಗಿರಣಿಯ ಮಾತುಕತೆ. ಗುರುಮಲ್ಲಪ್ಪ ಇನ್ನೂ ಐದು ಸಾವಿರ ಇಳಿಯುವ ಆಸಾಮಿ, ನನಗೆ ಗೊತ್ತು. ಶಿವಾನಿ ಸ್ಕೂಟರ್ ಸ್ಟಾರ್ಟ್ ಮಾಡಿಕೊಂಡು ಕೂಗುತ್ತಿದ್ದಾಳೆ:

"ಮಾವ, ಟವೆಲ್ ಮನೇಲೇ ಬಿಟ್ಟು ಬನ್ನಿ."

ಬಿಟ್ಟೆ. ಗೂಟಕ್ಕೆ ನೇತುಹಾಕಿದ್ದೇನೆ. ಜೇಬಿನಲ್ಲಿ ಕರ್ಚೀಫು ಹೇಗೂ ಇದೆ, ಐದು ಬೆರಳು ಮುಚ್ಚಲು ಸಾಕು.