ನನ್ನ ಎಡೆಯನ್ನು ನಾನೇ ಉಂಡದ್ದು

ಲೆಸ್ಟೇರ್, ಕಾರಿಯಾಕೂ ದ್ವೀಪ
೭ ಫೆಬ್ರವರಿ ೧೯೯೩, ಭಾನುವಾರ, ಚರ್ಚಿನಿಂದ ಬಂದ ಮೇಲೆ

ನನ್ನ ಮುದ್ದಿನ ಮರ್ಲಿಸ್,

ಹೇಗಿದ್ದೀಯೆ ಮಗಳೇ? ವೆಂಡೆಲ್‌ನ ಬೆನ್ನುನೋವು ಇಳಿಯಿತೇ? ದಿನವಿಡೀ ಬಸ್ಸು ಓಡಿಸಿದರೆ ಬೆನ್ನು ಇನ್ನೇನಾಗುತ್ತದೆ? ತೆಂಗಿನೆಣ್ಣೆಗೆ ಜಾಯಿಕಾಯಿ ತೇಯ್ದು ಬೆಚ್ಚಗೆ ಹಚ್ಚು, ನಾಚಿಕೊಂಡರೂ ಬಿಡಬೇಡ. ಪುಟ್ಟ ಅಯೋನಿಯ ಕೆಮ್ಮು ನಿಂತಿತೇ? ಆ ಮಗುವಿನ ಎದೆ ನಿನ್ನ ತಾಯಿಯ ಎದೆಯ ಹಾಗೆ, ಚಳಿ ತಡೆಯುವುದಿಲ್ಲ. ಉಣ್ಣೆಯ ಬಟ್ಟೆ ತೆಗೆಯಬೇಡ. ನನ್ನ ಮಂಡಿ ಮೊದಲಿನಂತೆಯೇ ಇದೆ, ಕಣ್ಣು ಸ್ವಲ್ಪ ಮಂಜು. ಉಳಿದಂತೆ ಹೇಗಿದ್ದೇನೆಂದು ನೀನು ಕೇಳಿದರೆ ಏನು ಹೇಳಲಿ? ಗುರುವಾರ ಮಧ್ಯಾಹ್ನ ರೇಡಿಯೋದವರು ನಾನು ಸತ್ತೆನೆಂದು ದ್ವೀಪಕ್ಕೆಲ್ಲ ಸಾರಿದರು. ಕೊಂದವಳು ನೀನು.

ನಡೆದದ್ದನ್ನು ಸರಿಯಾಗಿ ಹೇಳುತ್ತೇನೆ. ಗುರುವಾರ ಬೆಳಿಗ್ಗೆ ನಾನು ಕಣ್ಣಿನ ಡಾಕ್ಟರಿಗೆ ತೋರಿಸಲು ದೋಣಿಯಲ್ಲಿ ಗ್ರೆನಡಾಕ್ಕೆ ಹೋಗುವವಳಿದ್ದೆ. ಬೀದಿಗೆಲ್ಲ ಹೇಳಿಕೊಂಡೂ ಬಂದಿದ್ದೆ; ನನ್ನ ಬಾಯಿ ನಿನಗೆ ಗೊತ್ತಲ್ಲ. ಆದರೆ ದಡಕ್ಕೆ ಹೋದರೆ ಸಮುದ್ರ ಕೆರಳಿ ನಿಂತಿತ್ತು. ಈ ಅಲೆಯಲ್ಲಿ ಹೊಟ್ಟೆ ತೊಳಸಿಕೊಂಡು ಹೋಗಿ ಕಣ್ಣು ತೋರಿಸುವುದಕ್ಕಿಂತ ಮಂಜೇ ವಾಸಿ ಎಂದು ಹಿಂದಿರುಗಿ, ನೇರ ಗುಡ್ಡದ ಹಿಂದಿನ ಹೊಲಕ್ಕೆ ತೊಗರಿಕಾಯಿ ಬಿಡಿಸಲು ಹೋದೆ. ಈ ವರ್ಷ ತೊಗರಿ ಹೇಗೆ ಕಾಯಿ ಕಟ್ಟಿದೆ ಅಂತೀಯೆ, ಗಿಡಗಳೇ ಬಾಗಿವೆ. ನಾನು ಹೊಲದಲ್ಲಿರುವುದು ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ.

ಇತ್ತ ಮಧ್ಯಾಹ್ನ ರೇಡಿಯೋದಲ್ಲಿ ಸಾವಿನ ಸುದ್ದಿಯ ಹೊತ್ತು. ಅದು ಮುಗಿಯುತ್ತಿದ್ದಂತೆ, ಹೊರನಾಡಿನಲ್ಲಿರುವ ನಮ್ಮ ಬರಹಗಾರರ ಕಥೆ ಓದುವ ಹೊಸ ಕಾರ್ಯಕ್ರಮವೊಂದು ಶುರುವಾಗಿದೆಯಂತೆ. ನಮಗೇನು ಗೊತ್ತು? ಸಾವು ಓದುವ ಅದೇ ಮನುಷ್ಯ, ಅದೇ ಗಂಭೀರ ಗಂಟಲಲ್ಲಿ ನಿನ್ನ ಕಥೆ ಓದಿದ. ನೀನಾದರೂ ಕಥೆಯನ್ನು ಹೇಗೆ ತೊಡಗಿದ್ದೀಯೆ! "ಲೆಸ್ಟೇರಿನ ಇಸ್ಮೇ ಕ್ವಾಶಿ, ಎಲ್ಲರ ಬಾಯಲ್ಲಿ ಸಕ್ಕರೆಮಿಠಾಯಿ ಅತ್ತೆ, ಪಟ್ಟಣದ ಆಸ್ಪತ್ರೆಯಲ್ಲಿ ತೀರಿಕೊಂಡರೆಂದು ತಿಳಿಸಲು ವಿಷಾದಿಸುತ್ತೇವೆ. ಮೃತರು ಅಣ್ಣ ಕಾಸ್ನೆಲ್ ಕ್ವಾಶಿಯನ್ನೂ, ಅಣ್ಣನ ಮಗಳು ಇಂಗ್ಲೆಂಡಿನ ಮರ್ಲಿಸಳನ್ನೂ ಅಗಲಿದ್ದಾರೆ." ಹೆಸರು, ಅಡ್ಡಹೆಸರು, ಊರು, ಒಂದನ್ನೂ ಬಿಟ್ಟಿಲ್ಲವಲ್ಲೇ! ಒಂದು ಕಥೆಗೆ ಬೇರೊಂದು ಹೆಸರು ಹುಟ್ಟಲಿಲ್ಲವೇ ನಿನಗೆ?

ನಮ್ಮೂರಿನ ನಡತೆಯನ್ನು ಮರೆತೆಯಾ? ಗುರುತಿನವರ ಸಾವು ಕಿವಿಗೆ ಬಿದ್ದರೆ ರೇಡಿಯೋ ಆರಿಸಬೇಕು. ಅದರ ಮೇಲೆ ಹಾಡು ಕೇಳುವುದು ಸತ್ತವರಿಗೆ ಅವಮಾನ. ಇಡೀ ಲೆಸ್ಟೇರ್ ಒಟ್ಟಿಗೆ ರೇಡಿಯೋ ಆರಿಸಿ ಎದ್ದು ನನ್ನ ಮನೆಗೆ ನಡೆಯಿತು. ನಿನ್ನ ಕಥೆಯಲ್ಲಿ ಇದರ ಮುಂದಿನ ಸಾಲನ್ನು ಕೇಳಲು ಊರಿನಲ್ಲಿ ಒಬ್ಬಳನ್ನು ಬಿಟ್ಟು ಯಾರೂ ಉಳಿಯಲಿಲ್ಲ. ಪುಸ್ತಕ ಬರೆದು ಬಹುಮಾನ ಪಡೆದವಳಿಗೆ ಇಷ್ಟು ದೊಡ್ಡ ಅವಮರ್ಯಾದೆ ಯಾವ ವಿಮರ್ಶಕನೂ ಮಾಡಿರಲಾರ!

ಬಿಸಿಲು ಇಳಿಯುವ ಹೊತ್ತಿಗೆ ನಾನು ತೊಗರಿಯ ಚೀಲ ಹೊತ್ತು ಹಿತ್ತಲಿನಿಂದ ಮನೆಗೆ ಬಂದೆ. ಮುಂದಿನ ಕಡೆಯಿಂದ ಗದ್ದಲ ಕೇಳಿಸಿತು. ಪಕ್ಕದ ಮನೆಯಲ್ಲಿ ಏನೋ ಸಮಾರಂಭವೆಂದುಕೊಂಡೆ. ಒಳಗೆ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ತಟ್ಟೆ ಮುಚ್ಚಿಟ್ಟಿದೆ. ತೆಗೆದು ನೋಡಿದರೆ ಜೋಳದ ಮುದ್ದೆ, ಮೇಕೆ ಮಾಂಸದ ಸಾರು, ಹುರಿದ ಮೀನು, ಪಕ್ಕದಲ್ಲೊಂದು ಲೋಟ ರಮ್. ಎಲ್ಲ ನನಗೆ ಇಷ್ಟವಾದವೇ. ಯಾರೋ ಪುಣ್ಯಾತ್ಮರು ಮುದುಕಿಗೆ ಕಳಿಸಿದ್ದಾರೆ ಎಂದು ಕೈತೊಳೆದು ಕುಳಿತೆ. ಮರ್ಲಿಸ್, ಸತ್ತವರಿಗೆಂದು ಇಟ್ಟ ಎಡೆಯನ್ನು ಮುಟ್ಟಬಾರದೆಂದು ನಿನಗೆ ಚಿಕ್ಕಂದಿನಲ್ಲಿ ಕೈಮೇಲೆ ಹೊಡೆದು ಕಲಿಸಿದವಳು ನಾನು. ಆದರೆ ಅದು ನನ್ನದೇ ಎಡೆಯೆಂದು ನನಗೆ ಹೇಗೆ ಹೊಳೆಯಬೇಕು? ಅರ್ಧ ಮುದ್ದೆ ಮುಗಿದಿತ್ತು. ಅಂಗಡಿಯ ಥಿಯೊಡೋರಾ ಮೋಂಬತ್ತಿ ಹಿಡಿದು ಒಳಗೆ ಬಂದವಳು ನನ್ನನ್ನು ನೋಡಿ ಕಿರುಚಿದ ರಭಸಕ್ಕೆ ನನ್ನ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿತು. "ಅಯ್ಯೋ ಬಂದ್ಬಿಟ್ಲು! ಉಣ್ಣೋಕೆ ಕೂತ್ಬಿಟ್ಟಿದ್ದಾಳೆ!" ಎಂದು ಅವಳು ಓಡಿದಳು. ಅಂಗಳ ಹೆಚ್ಚುಕಡಿಮೆ ಖಾಲಿಯಾಯಿತು. ಕೆಲವರು ಬೇಲಿ ಹಾರಿದರು. ನಾನು ಕೆಮ್ಮುತ್ತ ಹೊರಗೆ ಬಂದು ನೋಡುತ್ತೇನೆ, ನನ್ನ ಮೇಕೆ ಕಟ್ಟಿದ್ದ ಗೂಟದಲ್ಲಿ ಬರೀ ಹಗ್ಗ! ನನ್ನ ಸಾವಿಗೆ ನನ್ನದೇ ಮೇಕೆ! ಆಗ ನನ್ನ ಬಾಯಿಂದ ಬಂದ ಮಾತುಗಳನ್ನು ಭಾನುವಾರ ಬರೆಯಬಾರದು. ಬೇಲಿಯಾಚೆಯಿಂದ ಮುದುಕ ಎಬನೇಜರ್ ಕೂಗಿದ: "ಬನ್ನಿ ಬನ್ನಿ, ಹೆದರಬೇಡಿ. ಸತ್ತವರು ಇಷ್ಟು ಚೆನ್ನಾಗಿ ಬೈಯೋದಿಲ್ಲ, ಇವಳು ಬದುಕಿದ್ದಾಳೆ!"

ಅಷ್ಟರಲ್ಲಿ ಫಿಲೊಮಿನ್ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದಳು. ನಿನ್ನ ಎರಡನೆಯ ಪುಸ್ತಕದಲ್ಲಿನ ದಪ್ಪ ಮೀನುಮಾರುವವಳು ತಾನೇ ಎಂದು ಇಂದಿಗೂ ಉರಿಯುತ್ತಿದ್ದಾಳಲ್ಲ, ಅವಳೇ. ಅವಳ ರೇಡಿಯೋದ ತಿರುಪು ಮುರಿದಿದೆ, ಆರಿಸಲಾಗುವುದಿಲ್ಲ. ಹಾಗಾಗಿ ಕೊನೆಯವರೆಗೆ ಕೇಳಿದವಳು ಅವಳೊಬ್ಬಳೇ. "ಕಥೆ ಕಣ್ರೋ, ಬರೀ ಕಥೆ! ಆ ಮರ್ಲಿಸಳದು! ನನ್ನನ್ನು ದಪ್ಪ ಮಾಡಿದ್ಳು, ಇವಳನ್ನ ಸಾಯಿಸಿದ್ಳು, ಮುಂದೆ ಯಾರ ಸರದಿಯೋ!" ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ಮೆಟ್ಟಿಲ ಮೇಲೆ ಕುಳಿತೆ. ನನ್ನ ಸಾವಿಗೆ ಬಂದವರ ಮುಖಗಳನ್ನು ನೋಡಿಬಿಟ್ಟೆನಲ್ಲ. ಅದು ಯಾರಿಗೂ ಸಿಗುವ ನೋಟವಲ್ಲ, ಸಿಗಲೂಬಾರದು.

ನಿನ್ನ ಮೇಲೆ ಸಿಟ್ಟಿದೆಯೇ ಎಂದರೆ, ಇದೆ. ಆದರೆ ನೀನು ಕಥೆ ಕಟ್ಟುವವಳೆಂದು ಮೊದಲು ಕಂಡವಳೂ ನಾನೇ. ನೀನು ಒಲೆಯ ಇದ್ದಿಲಿನಿಂದ ನಿಮ್ಮಪ್ಪನ ದೋಣಿಯ ಹಲಗೆಗಳ ಮೇಲೆ ಬರೆಯುತ್ತಿದ್ದೆ. ಅವನು ಗೊಣಗುತ್ತ ಉಜ್ಜಿ ಅಳಿಸುತ್ತಿದ್ದ. ನಿನ್ನ ಪಕ್ಕ ಕುಳಿತು, ನಿನ್ನ ಶಾಲೆಯ ಪುಸ್ತಕದಿಂದಲೇ ನಾನು ಓದು ಕಲಿತದ್ದು. ನೀನು ಲಂಡನ್ನಿನ ಆಸ್ಪತ್ರೆಯಲ್ಲಿ ಹಾಸಿಗೆಯ ಬಟ್ಟೆ ಒಗೆಯುತ್ತ, ಹೋಗಿಬರುವ ಬಸ್ಸಿನಲ್ಲಿ ನಿಂತೇ ಬರೆದೆ. ಮೊದಲ ಪುಸ್ತಕವನ್ನು ಒಬ್ಬೊಬ್ಬ ಪ್ರಕಾಶಕರೂ ತಿರುಗಿಸಿ ಕಳಿಸಿದಾಗ ಇನ್ನು ಬರೆಯುವುದಿಲ್ಲವೆಂದು ಅತ್ತುಕೊಂಡು ಪತ್ರ ಹಾಕಿದ್ದೆ. ಆಮೇಲೆ ಅದೇ ಪುಸ್ತಕ ಬಂತು, ಬಹುಮಾನ ಬಂತು, ಪತ್ರಿಕೆಯಲ್ಲಿ ನಿನ್ನ ಚಿತ್ರ ಬಂತು. ಅದನ್ನು ಗೋಡೆಗೆ ಅಂಟಿಸಿದ್ದೇನೆ, ಸತ್ಯವಾಗಿ ಹೇಳಬೇಕೆಂದರೆ ಯೇಸುವಿಗಿಂತ ಸ್ವಲ್ಪ ಕೆಳಗೆ.

ಒಂದು ಮಾತು ಮಾತ್ರ ನನ್ನನ್ನು ಕುಟುಕುತ್ತಿತ್ತು. ಎಲ್ಲ ಪುಸ್ತಕಗಳ ಹಿಂಬದಿಯಲ್ಲೂ "ಅತ್ತೆಯ ಮಡಿಲಲ್ಲಿ ಬೆಳೆದವರು" ಎಂದಿರುತ್ತದೆ. ಅಪ್ಪನ ಹೆಸರು ಎಲ್ಲಿಯೂ ಇಲ್ಲ. ಅವನು ನಿನ್ನ ಹೆಸರಿಟ್ಟು ದೋಣಿ ಕಟ್ಟಿದ್ದ. ನೀರಿಗಿಳಿಸುವ ದಿನ ಆ ಹೆಸರಿನ ಹುಡುಗಿಯೇ ದೋಣಿಯ ಮೂತಿಗೆ ಶೀಶೆ ಒಡೆಯಬೇಕಿತ್ತು. ಅದಕ್ಕೆ ಮೊದಲೇ ಇಂಗ್ಲೆಂಡಿನ ಹಡಗಿನ ದಿನ ಬಂತು, ಅವನು ಬೇಡವೆಂದರೂ ನಾನೇ ನಿನ್ನನ್ನು ಹತ್ತಿಸಿ ಕಳಿಸಿದೆ. ಅದು ಇಂದಿಗೂ ಸರಿಯೆಂದೇ ಹೇಳುತ್ತೇನೆ. ಅವನು ದೋಣಿಯ ಮೇಲಿನ ಹೆಸರನ್ನು ಕೆರೆದು ಹಾಕಿದ. ಅಂದಿನಿಂದ ನಿನ್ನ ಹೆಸರೆತ್ತಿರಲಿಲ್ಲ, ನನ್ನ ಅಂಗಳ ತುಳಿದಿರಲಿಲ್ಲ. ಚರ್ಚಿನಲ್ಲಿ ಅವನು ಎಡಕ್ಕೆ ಕುಳಿತರೆ ನಾನು ಬಲಕ್ಕೆ. ನೀವಿಬ್ಬರೂ ಒಂದು ಮಾತಾಡುವುದನ್ನು ನೋಡಿ ಕಣ್ಣು ಮುಚ್ಚಬೇಕೆಂಬುದೊಂದೇ ನನ್ನ ಆಸೆ. ಅದಾಗುವ ಮೊದಲೇ ನನ್ನನ್ನು ಮುಗಿಸಿಬಿಟ್ಟೆಯಲ್ಲ, ಅದಕ್ಕೇ ಹೆಚ್ಚು ಸಿಟ್ಟು.

ಇನ್ನು ಮುಗಿಸುತ್ತೇನೆ, ಥಿಯೊಡೋರಾ ಅಂಗಡಿಯಲ್ಲಿ ನಾಳಿನ ಅಂಚೆಚೀಲ ಕಟ್ಟುತ್ತಿದ್ದಾಳೆ. ವೆಂಡೆಲ್‌ಗೆ ನನ್ನ ನೆನಪು ಹೇಳು, ಅಯೋನಿಯ ಎರಡೂ ಕೆನ್ನೆಗೆ ನನ್ನ ಮುತ್ತು. ದೇವರು ನಿನ್ನ ಕೈಯನ್ನೂ ಅದು ಬರೆಯುವುದನ್ನೂ ಕಾಯಲಿ. ಮುಂದಿನ ಪುಸ್ತಕದಲ್ಲಿ ನನಗೊಂದು ಮದುವೆಯನ್ನಾದರೂ ಮಾಡಿಸು.

ಇನ್ನೂ ಉಸಿರಾಡುತ್ತಿರುವ ನಿನ್ನ
ಇಸ್ಮೇ ಅತ್ತೆ

ಮರೆತೆ, ಇಲ್ಲ, ಬರೆಯಲೋ ಬೇಡವೋ ಎಂದು ಬಿಟ್ಟಿದ್ದೆ. ಗುರುವಾರ ಎಲ್ಲರೂ ನಗುತ್ತಿದ್ದಾಗ ಅಂಗಳದ ಮೂಲೆಯಲ್ಲಿ ಒಬ್ಬ ಮಾತ್ರ ಸುತ್ತಿಗೆ ಹಿಡಿದು ನಿಂತೇ ಇದ್ದ. ಕಾಸ್ನೆಲ್. ತನ್ನ ಕೊನೆಯ ದೋಣಿಗೆಂದು ಕೂಡಿಟ್ಟಿದ್ದ ದೇವದಾರು ಹಲಗೆಗಳನ್ನು ಹೊತ್ತು ತಂದು ನನಗೆ ಶವಪೆಟ್ಟಿಗೆ ಕಟ್ಟಲು ತೊಡಗಿದ್ದ. ನಾನು ಹತ್ತಿರ ಹೋದೆ. ನನ್ನ ಕೆನ್ನೆಯನ್ನು ಒರಟು ಬೆರಳಿನಿಂದ ಒತ್ತಿ ನೋಡಿದ, ಕಣ್ಣಲ್ಲಿ ನೀರು. "ಬದುಕಿದ್ದೀಯಲ್ಲೇ ಮುದುಕಿ," ಅಂದ. ಕಣ್ಣೊರೆಸಿಕೊಂಡು, "ತಾನು ನನ್ನ ಮಗಳು ಅಂತ ರೇಡಿಯೋದಲ್ಲೇ ಹೇಳಿಸಿದ್ದಾಳೆ, ಕೇಳ್ದೆಯಾ?" ಅಂದ. ನಾನು ಹೊಲದಲ್ಲಿದ್ದೆ, ಆದರೂ ಹೂಂ ಎಂದೆ. ಇಲ್ಲಿ ಮಣ್ಣು ಮಾಡುವುದು ಇಂಗ್ಲೆಂಡಿಗೆ ಹೋದ ಮನೆಮಕ್ಕಳು ಬಂದು ಇಳಿದ ಮೇಲೆಯೇ ಅಲ್ಲವೇ. ಆ ಮಧ್ಯಾಹ್ನವೇ ಅವನು ತನ್ನ ಮನೆಯಲ್ಲಿನ ನಿನ್ನ ಹಳೆಯ ಕೋಣೆಗೆ ಸುಣ್ಣ ಬಳಿದು ಬಂದಿದ್ದನಂತೆ, ತೋಳಿನ ಮೇಲೆ ಇನ್ನೂ ಅದರ ಹನಿಗಳಿದ್ದವು. ಆಮೇಲೆ ಕಥೆಯೆಂಬುದು ಅವನ ತಲೆಗಿಳಿಯಿತು. ಸುತ್ತಿಗೆ ಕೆಳಗಿಟ್ಟ. ಯಾರಿಗೂ ಕೇಳದಂತೆ ಕೇಳಿದ, "ನೀನು ಸತ್ತಿಲ್ಲ ಅಂದ್ಮೇಲೆ... ಅವಳು ಬರಲ್ವಾ ಹಾಗಾದ್ರೆ?"

ಒಳಗೆ ಹೋಗಿ ಅವನಿಗೊಂದು ಲೋಟ ಕಾಫಿ ತಂದುಕೊಟ್ಟೆ, ಮರ್ಲಿಸ್. ಹಲಗೆಗಳನ್ನು ಅವನು ಇನ್ನೂ ತೆಗೆದುಕೊಂಡು ಹೋಗಿಲ್ಲ. ದಿನಾ ಬೆಳಿಗ್ಗೆ ಅವನ್ನು ನೋಡುವ ನೆಪದಲ್ಲಿ ಬರುತ್ತಾನೆ, ಅವುಗಳ ಮೇಲೆ ಕುಳಿತು ಕಾಫಿ ಕುಡಿಯುತ್ತಾನೆ, ಏನೂ ಕೇಳದೆ ಎದ್ದು ಹೋಗುತ್ತಾನೆ. ಅವನಿಗೆ ನಾನು ಏನು ಹೇಳಲಿ? ಬೇಗ ಬರೆ ಮಗಳೇ, ಮುಂದಿನ ದೋಣಿಗೇ ಸಿಗುವಂತೆ ಬರೆ.